ಬಲಗಡೆಯ ಗುಳಿಗೆ

ಪ್ರಯೋಗಾಲಯದಲ್ಲಿ ಅವಳಿಗೆ ಬಿದ್ದ ಹೆಸರು ಟಿಪ್ಪಣಿ. ಅದರಲ್ಲಿ ಗೇಲಿ ಎಷ್ಟಿತ್ತೋ ಮರ್ಯಾದೆಯೂ ಅಷ್ಟೇ ಇತ್ತು. ಒಂದೇ ಮನುಷ್ಯನ ಮಿದುಳನ್ನು ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿ ಆ ಚಿತ್ರಗಳನ್ನು ಕೂಡಿಡುವುದು ಅಲ್ಲಿನ ಕಸುಬು. ಚಿತ್ರ ತೆಗೆಯುವವರು ತೆಗೆದು ಕೈ ತೊಳೆದುಕೊಳ್ಳುತ್ತಿದ್ದರು. ಅದು ಯಾರದು, ಅವತ್ತು ಆತ ನಿದ್ದೆಗೆಟ್ಟು ಬಂದಿದ್ದನೇ, ನಡುವೆ ಕೆಮ್ಮಿದನೇ, ಯಂತ್ರ ಮುನಿಸಿಕೊಂಡಿತ್ತೇ ಎಂಬುದನ್ನೆಲ್ಲ ಬರೆದು, ಮುಂದೆ ಎಲ್ಲೋ ಕುಳಿತು ಆ ಚಿತ್ರಗಳನ್ನು ತೆರೆಯುವ ಅಪರಿಚಿತರಿಗೆ ಅರ್ಥವಾಗುವಂತೆ ವಿವರಣೆ ಕಟ್ಟಿಕೊಡುವುದು ಇವಳ ಪಾಲಿನ ಕೆಲಸ. ವಿವರಣೆ ಇಲ್ಲದ ಚಿತ್ರ ಕಸದ ಬುಟ್ಟಿಗೆ ಮಾತ್ರ ಲಾಯಕ್ಕು ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳುವವರು ಒಂದಲ್ಲ ಒಂದು ದಿನ ಮುಗ್ಗರಿಸುತ್ತಾರೆ, ಅದು ಅವಳಿಗೆ ಆಗ ಗೊತ್ತಿರಲಿಲ್ಲ.

ಮಿದುಳು ಕೊಡಲು ಬರುವವರ ಪಾಡೂ ಸುಲಭದ್ದಲ್ಲ. ಕೊಳವೆಯಂಥ ಯಂತ್ರದೊಳಗೆ ತಲೆಯಿಟ್ಟು, ಡಬಡಬ ಬಡಿಯುವ ಸದ್ದಿನಲ್ಲಿ, ಮೂಗು ತುರಿಸಿದರೂ ಕೈ ಎತ್ತದೆ ಮಲಗಿರಬೇಕು. ಒಮ್ಮೆ ಬಂದವರು ಎರಡನೇ ಸಲಕ್ಕೆ ಫೋನ್ ಎತ್ತುತ್ತಿರಲಿಲ್ಲ. ಹಾಗಾಗಿ ಸಿಬ್ಬಂದಿಯವರೇ ತಮ್ಮ ತಮ್ಮ ನೆಂಟರನ್ನು ಹಿಡಿದು ತರುವುದು ಅಲ್ಲಿ ರೂಢಿಯಾಗಿತ್ತು. ಪ್ರೊಫೆಸರಿಗೆ ಎಡಗೈ ಬಳಸುವವರದೇ ಒಂದು ತಂಡ ಬೇಕಾದಾಗ ಟಿಪ್ಪಣಿ ತನ್ನ ಗಂಡನ ಅಣ್ಣನನ್ನು ಕರೆತಂದಳು.

ಈ ಭಾವನಿಗೆ ಮನೆಯಲ್ಲಿ ರೇಡಿಯೋ ಎಂಬ ಅಡ್ಡಹೆಸರು. ಹಳೆಯ ಮೇಜು ಕುರ್ಚಿ, ಹಳೆಯ ವಾಹನಗಳ ಹರಾಜು ಕೂಗುವುದು ಅವರ ವೃತ್ತಿ. ಮುರುಕು ಕುರ್ಚಿಯನ್ನೂ ಸಿಂಹಾಸನವೆಂದು ನಂಬಿಸುವ ನಾಲಿಗೆ ಅವರದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವರ ಹೆಂಡತಿಗೆ ಹಿಡಿಸುತ್ತಿರಲಿಲ್ಲ. ಇವರ ಮಾತು ನಿಂತರೆ ತಾನೇ ನಾನು ಜಗಳ ಶುರು ಮಾಡೋದು ಎನ್ನುತ್ತಿದ್ದಳು ಆಕೆ. ಓರಗಿತ್ತಿಯರಿಬ್ಬರಿಗೂ ಚೆನ್ನಾಗಿ ಹೊಂದಿಕೆಯಿತ್ತು. ಟಿಪ್ಪಣಿ ಆಕೆಯನ್ನು ಅಕ್ಕ ಎನ್ನುತ್ತಿದ್ದುದು ಬರೀ ಬಾಯಿಮಾತಿಗಲ್ಲ. ಮಗುವಿಲ್ಲದ ಆ ಮನೆಯಲ್ಲಿ ತವರಿನ ಸಲುಗೆಯಿಂದ ಓಡಾಡುತ್ತಿದ್ದಳು.

ಯಂತ್ರದೊಳಗೆ ಪರದೆಯ ಮೇಲೆ ಕಾಣುವ ವಸ್ತುಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ತುಟಿಯಾಗಲಿ ಬೆರಳಾಗಲಿ ಅಲುಗುವಂತಿಲ್ಲ. ನನ್ನ ಬಾಯಿ ಮುಚ್ಚಿಸೋಕೆ ಇಷ್ಟು ದೊಡ್ಡ ಯಂತ್ರ ಬೇಕಾಯ್ತಲ್ಲ ಎಂದು ಭಾವ ನಗುತ್ತಿದ್ದರು. ಆದರೂ ಒಂದು ವಾರವನ್ನೂ ತಪ್ಪಿಸಲಿಲ್ಲ.

ಇನ್ನು ಗುಳಿಗೆಯ ವಿಷಯ. ಮಿದುಳಿನ ಎಡ ಬಲಗಳು ಮೇಲುನೋಟಕ್ಕೆ ಒಂದೇ ಥರ. ಚಿತ್ರವು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾದರೆ ಯಾರಿಗೂ ಪಕ್ಕನೆ ಗೊತ್ತಾಗದು. ಅದಕ್ಕೆಂದೇ, ಮಲಗಿಸುವ ಮೊದಲು ಬಲಗಣ್ಣಿನ ಪಕ್ಕದ ಕಣತಲೆಗೆ ಒಂದು ಮೀನೆಣ್ಣೆ ಗುಳಿಗೆಯನ್ನು ಅಂಟಿಸುತ್ತಿದ್ದರು. ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೊಳೆದ ಕಡೆಯೇ ಬಲ.

ಭಾವನೂ ಸೇರಿ ಎಡಗೈ ತಂಡದ ಮೂವರ ಚಿತ್ರಗಳನ್ನು ಜೋಡಿಸುವಾಗ, ಯಂತ್ರ ಎಡವೆಂದು ಗುರುತು ಹಾಕಿದ್ದ ಕಡೆ ಗುಳಿಗೆ ಹೊಳೆಯುತ್ತಿತ್ತು. ಹಿಂದಿನ ತಂಡದಲ್ಲಿ ಹಾಗಿರಲಿಲ್ಲ. ನಡುವೆ ಯಂತ್ರದ ತಂತ್ರಾಂಶ ಬದಲಾಗಿತ್ತು. ಹಳೆಯ ಆಪರೇಟರ್ ನಿವೃತ್ತನಾಗಿ ಹೊಸಬ ಬಂದಿದ್ದ. ಟಿಪ್ಪಣಿಗೆ ಅನುಮಾನ ಬಂದದ್ದು ತಂತ್ರಾಂಶದ ಮೇಲೆ. ಯಂತ್ರ ತಪ್ಪಬಹುದು, ಗುಳಿಗೆ ತಪ್ಪದು ಎಂಬುದು ಆ ಕಸುಬಿನವರ ನಂಬಿಕೆ. ಮೂವರ ಚಿತ್ರಗಳನ್ನೂ ಮಗುಚಿ ಹಾಕಿ, ಅದಲುಬದಲಾಗಿದ್ದುದನ್ನು ಸರಿಪಡಿಸಲಾಗಿದೆ ಎಂದು ವಿವರಣೆಯಲ್ಲಿ ಒಂದು ಸಾಲು ಬರೆದಳು. ಸರಿಪಡಿಸಿದ ಮೇಲೆ ನೋಡಿದರೆ ಮೂವರಿಗೂ ಮಾತಿನ ಜಾಗ ಬಲಗಡೆ ಬಂತು. ಬಹುತೇಕ ಜನರಿಗೆ ಅದು ಎಡಗಡೆ ಇರುತ್ತದೆ. ಎಡಗೈಯವರಲ್ಲಿ ಕೆಲವರಿಗಷ್ಟೇ ಬಲಗಡೆ. ಮೂವರಿಗೂ ಬಲವೇ ಎಂದು ಯಾರಾದರೂ ಹುಬ್ಬೇರಿಸಬೇಕಿತ್ತು. ಅದರ ಬದಲು, ಹೊಸದೇನೋ ಸಿಕ್ಕಿತೆಂದು ಪ್ರೊಫೆಸರ್ ಹಿಗ್ಗಿ ಹೀರೇಕಾಯಿಯಾದರು. ಬೇಕಾದದ್ದು ಕಣ್ಣಿಗೆ ಬಿದ್ದಾಗ ಕಲಿತವರೂ ಕಣ್ಣುಜ್ಜಿ ನೋಡುವುದಿಲ್ಲ. ಚಿತ್ರಗಳೂ ವಿವರಣೆಯೂ ಜಗತ್ತಿಗೆ ಬಿಡುಗಡೆಯಾದವು.

ಅದಾಗಿ ಒಂದು ವರ್ಷಕ್ಕೆ ಭಾವನಿಗೆ ಫಿಟ್ಸ್ ಬಂತು. ಹಳೆಯ ಬೀರುವೊಂದರ ಬೆಲೆ ಕೂಗುತ್ತ ನಿಂತಿದ್ದವರು ಬಲಗೈ ಅದುರುತ್ತ ಕೆಳಗೆ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಮಿದುಳಿನ ಎಡಭಾಗದಲ್ಲಿ ಗಡ್ಡೆ, ಪ್ರಯೋಗಾಲಯದ ಚಿತ್ರಗಳನ್ನು ತೆಗೆದಾಗ ಇನ್ನೂ ಇಲ್ಲದ್ದು. ಮಾತಿನ ಜಾಗ ಅದರ ಪಕ್ಕದಲ್ಲೇ ಇದ್ದರೆ ಅಂಚು ಬಿಟ್ಟು ಕೊಯ್ಯಬೇಕಾಗುತ್ತದೆ, ಆ ಕಡೆ ಇಲ್ಲವೆಂದಾದರೆ ಬೇರುಸಹಿತ ತೆಗೆಯಬಹುದು ಎಂದರು ಸರ್ಜನ್. ಅದನ್ನು ತಿಳಿಯಲು ಆಸ್ಪತ್ರೆಯವರು ಮಾಡಿದ ಪರೀಕ್ಷೆ ಎರಡು ಸಲವೂ ಕೆಟ್ಟಿತು. ಯಂತ್ರದೊಳಗೇ ಫಿಟ್ಸ್ ಬಂದಿತ್ತು. ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿದವರು ನೀವಿದ್ದೀರಲ್ಲ, ನೀವೇ ಹೇಳಿ ಎಂದು ಪ್ರಯೋಗಾಲಯಕ್ಕೆ ಕೇಳಿ ಕಳಿಸಿದರು. ಉತ್ತರ ಬರೆದವಳು ಟಿಪ್ಪಣಿ, ಸಹಿ ಹಾಕಿದವರು ಪ್ರೊಫೆಸರ್. ಮಾತು ಬಲಗಡೆ.

ಸರ್ಜನ್ ನಿರಾಳವಾದರು. ಹಾಗಾದರೆ ಒಂದು ಚೂರೂ ಬಿಡದೆ ತೆಗೀತೀನಿ, ಇದು ಮತ್ತೆ ಬರೋ ಮಾತೇ ಇಲ್ಲ ಎಂದರು. ಓರಗಿತ್ತಿ ಟಿಪ್ಪಣಿಯನ್ನು ತಬ್ಬಿಕೊಂಡು, ನೀನು ಅಲ್ಲಿಗೆ ಕರೆದುಕೊಂಡು ಹೋಗಿದ್ದಕ್ಕೆ ಇವರ ಜೀವ ಉಳೀತು ಕಣೇ ಎಂದು ಅತ್ತಳು. ಟಿಪ್ಪಣಿಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ?

ಶಸ್ತ್ರಚಿಕಿತ್ಸೆಗೆ ಒಂದು ದಿನ ಉಳಿದಿರುವಾಗ, ಮಧ್ಯಾಹ್ನ, ಪ್ರಿಂಟರಿನ ಕಾಗದ ಮುಗಿದಿತ್ತೆಂದು ಅವಳು ಸ್ಕ್ಯಾನ್ ಕೋಣೆಯ ಕಡೆಗೆ ಹೋದಳು. ಬಾಗಿಲು ತೆರೆದಿತ್ತು. ಹೊಸ ಸ್ವಯಂಸೇವಕಿಯೊಬ್ಬಳು ಮಂಚದ ತುದಿಯಲ್ಲಿ ಕುಳಿತಿದ್ದಳು. ಆಪರೇಟರ್ ಎದುರಿಗೆ ನಿಂತು ಅವಳ ಮುಖದತ್ತ ಬಾಗಿ, ತನ್ನ ಬಲಗೈಯನ್ನು ನೇರ ಮುಂದೆ ಚಾಚಿ, ಗುಳಿಗೆಯನ್ನು ಅಂಟಿಸಿದ. ತನ್ನ ಬಲಕ್ಕೆ ಅಂಟಿಸಿದ. ಎದುರು ಕುಳಿತವಳಿಗೆ ಅದು ಎಡ.

ಟಿಪ್ಪಣಿ ಒಳಗೆ ನುಗ್ಗಿದಳು. ಹಳೆಯ ಆಪರೇಟರ್ ಯಾವಾಗಲೂ ಮಂಚದ ತಲೆಯ ಕಡೆ, ಮಲಗಿದವರ ಹಿಂದೆ ನಿಂತು ಅಂಟಿಸುತ್ತಿದ್ದ. ಅವನ ಬಲವೂ ಮಲಗಿದವರ ಬಲವೂ ಒಂದೇ ಆಗಿರುತ್ತಿತ್ತು. ಯಾವಾಗಲೂ ಹೀಗೇ ಅಂಟಿಸುತ್ತೀಯಾ ಎಂದು ಕೇಳಿದಳು. ಬಂದ ದಿನದಿಂದಲೂ ಹೀಗೇ, ಕೂತಾಗಲೇ ಅಂಟಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದ. ಬಲಕ್ಕೆ ತಾನೇ ಎಂದು ಮತ್ತೆ ಕೇಳಿದಳು. ಅವನು ತನ್ನ ಬಲಗೈ ಎತ್ತಿ ತೋರಿಸಿ, ಇದೇ ಅಲ್ವಾ ಬಲ ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಯಂತ್ರ ಮೊದಲಿನಿಂದಲೂ ಸರಿಯಾಗಿಯೇ ಹೇಳುತ್ತಿತ್ತು. ಸರಿಯಿದ್ದುದನ್ನು ಮಗುಚಿ ಹಾಕಿದವಳು ತಾನು.

ಪ್ರೊಫೆಸರಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಕೆಟ್ಟ ಮನುಷ್ಯರಲ್ಲ, ಆದರೆ ಹೆದರಿದ ಮನುಷ್ಯ ಮೊದಲು ಹುಡುಕುವುದು ತಪ್ಪಿಸಿಕೊಳ್ಳುವ ದಾರಿಯನ್ನೇ. ಇವತ್ತೊಂದು ದಿನ ಹಾಗೆ ಅಂಟಿಸಿರಬಹುದು, ಮೂವರದೂ ಹಾಗೇ ಆಗಿದೆ ಎನ್ನಲು ಆಧಾರವೆಲ್ಲಿ, ಅರ್ಧಂಬರ್ಧ ಮಾತು ಹೇಳಿ ಆಸ್ಪತ್ರೆಯವರ ಕೈ ನಡುಗಿಸಿದರೆ ಅದೂ ಪಾಪವೇ ಎಂದರು. ಖಾತ್ರಿ ಮಾಡಿಕೊಂಡು ಬಾ, ಆಮೇಲೆ ನಾನೇ ಫೋನ್ ಮಾಡುತ್ತೇನೆ. ಆ ಮಾತಿನಲ್ಲಿ ನ್ಯಾಯವಿತ್ತು, ಅದೇ ಅವಳಿಗೆ ಸಂಕಟ. ಯೋಚಿಸುತ್ತ ಯೋಚಿಸುತ್ತ ಹೊಳೆಯಿತು, ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನಿನ ಫಿಲ್ಮು ಭಾವನ ಮನೆಯಲ್ಲಿದೆ. ಅದರಲ್ಲಿ ಆಸ್ಪತ್ರೆಯವರೇ ಹಾಕಿದ ಎಡ ಬಲದ ಗುರುತಿರುತ್ತದೆ. ಭಾವನ ಮಿದುಳಿನ ಮಡಿಕೆಗಳಂತೂ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಓಡಿದಳು.

ಓರಗಿತ್ತಿ ಒಬ್ಬಳೇ ಇದ್ದಳು. ಭಾವ ಆಗಲೇ ವಾರ್ಡಿನಲ್ಲಿದ್ದರು, ಜೊತೆಗೆ ಟಿಪ್ಪಣಿಯ ಗಂಡ. ಓರಗಿತ್ತಿ ಒಗೆದ ಪಂಚೆ, ಟವೆಲುಗಳನ್ನು ಮಡಚಿ ಚೀಲಕ್ಕೆ ಹಾಕುತ್ತ, ಇನ್ನೊಂದು ವಾರಕ್ಕೆ ಮನೆಗೆ ಬಂದುಬಿಡುತ್ತಾರಂತೆ ಎಂದು ಹೇಳುತ್ತಲೇ ಇದ್ದಳು. ಟಿಪ್ಪಣಿ ಹೂಂಗುಟ್ಟಿ ಫಿಲ್ಮು ಕೇಳಿದಳು. ಯಾಕೆ ಎಂದದ್ದಕ್ಕೆ ಸುಮ್ಮನೆ ನೋಡಬೇಕು ಎಂದಳು. ದೊಡ್ಡ ಲಕೋಟೆಯಿಂದ ಫಿಲ್ಮು ಹೊರಬಂತು. ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಪಕ್ಕದ ಮೇಜಿನ ಮೇಲೆ, ತಾನು ಮಗುಚಿದ ಚಿತ್ರವಿದ್ದ ಲ್ಯಾಪ್‌ಟಾಪ್ ತೆರೆದಿಟ್ಟಳು.

ಕಿವಿಯ ಮೇಲ್ಭಾಗದಲ್ಲಿ ಒಂದು ಮಡಿಕೆ ಭಾವನಿಗೆ ಮೂರು ಕವಲಾಗಿ ಸೀಳಿತ್ತು, ಅದೂ ಒಂದೇ ಕಡೆ. ಇನ್ನೊಂದು ಕಡೆ ಎರಡೇ ಕವಲು. ಲ್ಯಾಪ್‌ಟಾಪಿನಲ್ಲಿ ಮೂರು ಕವಲು ಯಾವ ಕಡೆಯಿತ್ತೋ ಫಿಲ್ಮಿನಲ್ಲೂ ಅದೇ ಕಡೆಯಿತ್ತು. ಅಬ್ಬ ಎಂದು ಉಸಿರು ಬಿಟ್ಟಳು. ಪ್ರೊಫೆಸರಿಗೆ ಫೋನ್ ಮಾಡಬೇಕೆಂದು ತಿರುಗುವಷ್ಟರಲ್ಲಿ ಫಿಲ್ಮಿನ ಅಂಚಿನಲ್ಲಿದ್ದ ಆಸ್ಪತ್ರೆಯ ಹೆಸರು ಕಣ್ಣಿಗೆ ಬಿತ್ತು. ಓದಲು ಬರಲಿಲ್ಲ. ಅಕ್ಷರಗಳು ಉಲ್ಟಾ ಇದ್ದವು. ಅವಸರದಲ್ಲಿ ಫಿಲ್ಮನ್ನು ಹಿಂದುಮುಂದಾಗಿ ಹಿಡಿದಿದ್ದಳು.

ತಿರುಗಿಸಿ ಹಿಡಿದಳು. ಮೂರು ಕವಲು ಆಚೆ ಬದಿಗೆ ಹೋಗಿ ಕುಳಿತಿತು. ಒಂದೊಂದೇ ಮಡಿಕೆಯನ್ನು ಬೆರಳಿಟ್ಟು ನೋಡಿದಳು, ಎಲ್ಲವೂ ತದ್ವಿರುದ್ಧ. ಆಸ್ಪತ್ರೆಯವರೇ ತಪ್ಪಿದ್ದರೆ ಎಂಬ ಕೊನೆಯ ಆಸೆಯೊಂದು ಇಣುಕಿತು. ಆದರೆ ಬಿದ್ದ ದಿನ ಭಾವನಿಗೆ ಅದುರಿದ್ದು ಬಲಗೈ, ಮಿದುಳಿನ ಎಡಭಾಗ ಆಡಿಸುವುದು ಬಲಗೈಯನ್ನೇ. ಗಡ್ಡೆ ಎಡಕ್ಕೇ ಇದೆ. ಮಾತೂ ಎಡಕ್ಕೇ ಇದೆ. ಎರಡೂ ಅಕ್ಕಪಕ್ಕ.

ಓರಗಿತ್ತಿ ಮಡಚುತ್ತಿದ್ದ ಟವೆಲನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅವಳು ದಡ್ಡಿಯಲ್ಲ. ಏನಾಯಿತು ಎಂದು ಕೇಳಿದಳು.

"ಅಕ್ಕ, ನಾನು ತಪ್ಪು ಮಾಡಿದೀನಿ. ಭಾವನ ಮಾತು ಬಲಗಡೆ ಇಲ್ಲ. ಗಡ್ಡೆ ಪಕ್ಕದಲ್ಲೇ ಇದೆ."

ಟವೆಲು ಮಡಿಕೆ ಬಿಚ್ಚಿಕೊಂಡು ಜೋತುಬಿತ್ತು. ನಾಳೆ ಅಂದುಕೊಂಡ ಹಾಗೇ ಕೊಯ್ದರೆ ಏನಾಗುತ್ತದೆ ಎಂದು ಕೇಳಿದಳು ಓರಗಿತ್ತಿ. ಗಡ್ಡೆ ಪೂರ್ತಿ ಹೋಗುತ್ತದೆ, ಮಾತೂ ಹೋಗುತ್ತದೆ ಎಂದಳು ಟಿಪ್ಪಣಿ. ಹೇಳಿಬಿಟ್ಟರೆ? ಅಂಚು ಬಿಟ್ಟು ಕೊಯ್ಯುತ್ತಾರೆ, ಮಾತು ಉಳಿಯಬಹುದು. ಬಿಟ್ಟಿದ್ದು? ಬಿಟ್ಟಿದ್ದು ಮತ್ತೆ ಬೆಳೆಯುತ್ತದೆ. ಎಷ್ಟು ವರ್ಷಕ್ಕೆ? ಅದನ್ನು ಸರ್ಜನ್ನೇ ಹೇಳಬೇಕು.

ಓರಗಿತ್ತಿ ಹೋಗಿ ಮುಂಬಾಗಿಲು ಮುಚ್ಚಿ ಬಂದಳು. ಧ್ವನಿ ತಗ್ಗಿತ್ತು.

"ಹಾಗಾದ್ರೆ ನೀನು ಸುಮ್ನಿರು."

ಟಿಪ್ಪಣಿಗೆ ಮೊದಲು ಅರ್ಥವೇ ಆಗಲಿಲ್ಲ.

"ಇವತ್ತೊಂದು ದಿನ ನೀನು ಏನೂ ನೋಡಿಲ್ಲ ಅಂದ್ಕೋ. ಮೂಕರಾದ್ರೂ ಆಗ್ಲಿ, ಬದುಕಿರ್ತಾರಲ್ಲ. ಇಬ್ಬರ ಮಾತನ್ನೂ ನಾನೇ ಆಡ್ತೀನಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಪ್ರೊಫೆಸರದೇ ಇರಬೇಕು. ಎತ್ತಲಿಲ್ಲ. ಇನ್ನೂ ಒಂದು ಹೊಲಸು ಯೋಚನೆ ಅವಳ ತಲೆಯಲ್ಲಿ ಸುಳಿಯಿತು, ಅದನ್ನೂ ಹೇಳಿಬಿಡಬೇಕು. ಸುಮ್ಮನಿದ್ದರೆ ತನ್ನ ತಪ್ಪೂ ಮುಚ್ಚಿಹೋಗುತ್ತದೆ. ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ಹೀಗೂ ಆಗುವುದುಂಟು ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಅಕ್ಕ ಕೇಳಿಕೊಂಡಳೆಂಬ ನೆಪವೂ ಇದೆ. ಇಷ್ಟು ಸಲೀಸಾದ ದಾರಿ ಕಂಡದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

"ನಾಲಿಗೆ ಅವರದು ಅಕ್ಕ. ಅವರನ್ನ ಕೇಳದೆ ನಾವಿಬ್ರೂ ಹೇಗೆ ತೀರ್ಮಾನ ಮಾಡೋದು?"

"ಕೇಳಿದ್ರೆ ಅವರು ಮಾತನ್ನೇ ಆರಿಸ್ಕೊಳ್ತಾರೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕೇಳಬೇಡ ಅಂತಿರೋದು."

ಓರಗಿತ್ತಿ ಕೈ ಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ. ಬಿದ್ದಿದ್ದರೆ ಟಿಪ್ಪಣಿ ಸೋತುಬಿಡುತ್ತಿದ್ದಳೋ ಏನೋ. ಫಿಲ್ಮನ್ನು ಲಕೋಟೆಗೆ ಸೇರಿಸಿ, ಚಪ್ಪಲಿ ಮೆಟ್ಟಿ, ಮುಚ್ಚಿದ್ದ ಬಾಗಿಲನ್ನು ತೆರೆದಳು. ಹಿಂದೆಯೇ ಓರಗಿತ್ತಿಯೂ ಬಟ್ಟೆಯ ಚೀಲ ಹಿಡಿದು ಬಂದಳು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಬಟ್ಟೆಯ ಚೀಲವನ್ನು ನಡುವೆ ಇಟ್ಟುಕೊಂಡು ಆಸ್ಪತ್ರೆಯವರೆಗೆ ಬಂದರು.

ವಾರ್ಡಿನಲ್ಲಿ ಭಾವ ಪಕ್ಕದ ಹಾಸಿಗೆಯವನಿಗೆ ಆಸ್ಪತ್ರೆಯ ದಿಂಬನ್ನು ಹರಾಜು ಹಾಕುತ್ತಿದ್ದರು. ಸಾಕ್ಷಾತ್ ಸರ್ಜನ್ ತಲೆ ಇಟ್ಟ ದಿಂಬು ಎಂದು ಹೊಗಳುತ್ತಿದ್ದರು, ಟಿಪ್ಪಣಿಯ ಗಂಡ ಹೊಟ್ಟೆ ಹಿಡಿದು ನಗುತ್ತಿದ್ದ. ಹೆಂಗಸರಿಬ್ಬರ ಮುಖ ನೋಡಿದ್ದೇ ನಗು ನಿಂತಿತು. ಟಿಪ್ಪಣಿ ಕುಳಿತುಕೊಳ್ಳಲಿಲ್ಲ. ಗುಳಿಗೆಯಿಂದ ಶುರು ಮಾಡಿ ಕಿಟಕಿಯ ಗಾಜಿನವರೆಗೆ, ನಿಂತಲ್ಲೇ, ಬೇರೆ ಯಾರ ಮೇಲೂ ಹಾಕದೆ ಹೇಳಿದಳು. ಆಪರೇಟರನ ಹೆಸರೆತ್ತಲಿಲ್ಲ. ಗುಳಿಗೆಯನ್ನು ನಂಬಿ ಮಗುಚಿದವಳು ನಾನು, ಸಾಲು ಬರೆದವಳು ನಾನು ಎಂದಳು. ಗಂಡ ಅವಳ ಕಡೆ ನೋಡಿದ ನೋಟವನ್ನು ಅವಳು ಮುಂದೆಯೂ ಮರೆಯಲಾರಳು. ಭಾವ ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅವರು ಇಷ್ಟು ಹೊತ್ತು ಬಾಯಿ ಮುಚ್ಚಿ ಕುಳಿತದ್ದನ್ನು ಅವಳು ಕಂಡಿರಲಿಲ್ಲ.

ಸರ್ಜನ್ ಬಂದರು. ಲ್ಯಾಪ್‌ಟಾಪು, ಫಿಲ್ಮು ಎರಡನ್ನೂ ಬಹಳ ಹೊತ್ತು ನೋಡಿದರು. ಪ್ರೊಫೆಸರಿಗೆ ತಾವೇ ಫೋನ್ ಹಚ್ಚಿ ಕೇಳಿದರು, ಹೌದು, ಆಪರೇಟರನನ್ನು ನಾನೂ ವಿಚಾರಿಸಿದೆ ಎಂಬ ಉತ್ತರ ಆ ಕಡೆಯಿಂದ ಬಂತು. ಹಾಗಾದರೆ ದಾರಿ ಎರಡು ಎಂದರು. ಪೂರ್ತಿ ತೆಗೆದರೆ ಆಯುಷ್ಯಕ್ಕೆ ಒಳ್ಳೆಯದು, ಆದರೆ ಮಾತು ಹೋಗುತ್ತದೆ, ಬೇರೆಯವರು ಆಡಿದ್ದೂ ಸರಿಯಾಗಿ ತಿಳಿಯದೆ ಹೋಗಬಹುದು. ಇಲ್ಲವೇ ಎಚ್ಚರದಲ್ಲೇ ಇಟ್ಟು, ಮಾತಾಡಿಸುತ್ತ, ಮಾತು ತೊಡರಿದಲ್ಲಿ ಕೈ ನಿಲ್ಲಿಸಿ, ಆದಷ್ಟು ಮಾತ್ರ ತೆಗೆಯಬಹುದು. ಉಳಿದದ್ದು ಬೆಳೆಯುತ್ತದೆ. ಬೆಳೆದ ಮೇಲೆ ಮತ್ತೆ ಕೊಯ್ಯಬಹುದಾ ಎಂದು ಭಾವ ಕೇಳಿದರು. ಬಹುದು, ಆದರೆ ಪ್ರತಿ ಸಲವೂ ಮಾತನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತ ಹೋಗುತ್ತದೆ ಎಂದರು ಸರ್ಜನ್.

ಭಾವ ಹೆಂಡತಿಯ ಕಡೆ ತಿರುಗಿದರು. ಅವಳು ಗೋಡೆಯ ಕಡೆ ಮುಖ ಮಾಡಿ ಟವೆಲುಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸುತ್ತಿದ್ದಳು. ಅವರು ಅವಳನ್ನು ಕರೆದರು. ಅವಳು ತಿರುಗಲಿಲ್ಲ.

"ನನಗೆ ಮಾತು ಬೇಕು ಡಾಕ್ಟ್ರೇ," ಎಂದರು ಭಾವ. "ಸುಮ್ನೆ ಕೂತಿರೋ ನನ್ನನ್ನ ನಾನೇ ಸಹಿಸೋಕಾಗಲ್ಲ."

ಮರುದಿನ ಮೂವರೂ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಟಿಪ್ಪಣಿಯ ಗಂಡ ನಡುವೆ ಕುಳಿತಿದ್ದ, ಆ ಕಡೆ ಅತ್ತಿಗೆ, ಈ ಕಡೆ ಹೆಂಡತಿ. ಬಾಗಿಲು ತೆರೆದುಕೊಂಡಾಗಲೆಲ್ಲ ಮೂವರೂ ಏಳುವುದು, ನರ್ಸ್ ಯಾರನ್ನೋ ಬೇರೆಯವರನ್ನು ಕರೆದಾಗ ಕೂರುವುದು. ಅವಳು ಮಗುಚಿದ ಚಿತ್ರಗಳನ್ನು ಇಳಿಸಿಕೊಂಡ ಪ್ರತಿಯೊಬ್ಬರಿಗೂ ಬೆಳಿಗ್ಗೆಯೇ ಪ್ರೊಫೆಸರ್ ತಿದ್ದುಪಡಿ ಕಳಿಸಿದ್ದರು. ಆ ವಿಷಯ ಅವಳ ಫೋನಿಗೂ ಬಂದಿತ್ತು, ಅವಳು ತೆರೆದು ಓದಲಿಲ್ಲ. ಈಗ ಎಡ ಬಲ ಗೊತ್ತಾಗಿ ಯಾರಿಗೇನು? ತೆರೆದ ತಲೆಯೊಂದು ಒಳಗಿತ್ತು.

ಕೊನೆಗೂ ಸರ್ಜನ್ ಬಂದರು. ಮುಖವಸ್ತ್ರ ಸರಿಸಿ ಟಿಪ್ಪಣಿಯನ್ನು ನೋಡಿ, ನೀವು ಹೇಳಿದ್ದು ನಿಜ ಎಂದರು. ಗಡ್ಡೆಯ ಹಿಂಬದಿಯ ಅಂಚನ್ನು ಮುಟ್ಟಿದಾಗ ಚಮಚದ ಚಿತ್ರ ತೋರಿಸಿದರೆ ಅವರಿಗೆ ಹೆಸರು ಹೊರಡಲೇ ಇಲ್ಲವಂತೆ, ಕೈ ತೆಗೆದ ಕೂಡಲೇ ಬಂತಂತೆ. ಅಲ್ಲಿಗೇ ನಿಲ್ಲಿಸಿದರು. ಮುಕ್ಕಾಲು ಪಾಲು ಬಂದಿದೆ, ಒಂದು ತುಣುಕು ಉಳಿದಿದೆ. ಮಾತಿಗೆ ಏನೂ ಆಗಿಲ್ಲ, ನನ್ನ ನರ್ಸುಗಳಿಗೆ ಕೆಲಸ ಮಾಡೋಕೆ ಬಿಡಲಿಲ್ಲ ಪುಣ್ಯಾತ್ಮ ಎಂದು ನಕ್ಕರು. ಟಿಪ್ಪಣಿಯ ಗಂಡ ಗೋಡೆಗೆ ಒರಗಿ ಅಳತೊಡಗಿದ. ಟಿಪ್ಪಣಿಗೂ ಕಣ್ಣು ತುಂಬಿ ಬಂತು.

ಸಂಜೆ ಹೆಂಡತಿಯನ್ನು ಮಾತ್ರ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಆಕೆ ಹೊರಗೆ ಬಂದು ಬಾಗಿಲನ್ನು ಅರ್ಧ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಟಿಪ್ಪಣಿ ಎದ್ದು ಹತ್ತಿರ ಹೋದಳು. ಅಕ್ಕನ ಕೈ ಹಿಡಿಯಬೇಕೆಂದು ಕೈಯನ್ನೂ ಚಾಚಿದ್ದಳು.

"ಮಾತಾಡಿದ್ರು," ಎಂದಳು ಓರಗಿತ್ತಿ. "ಚೆನ್ನಾಗೇ ಮಾತಾಡಿದ್ರು. ನೀನು ಮಾಡಿದ್ದು ಸರಿ ಅಂತ ಡಾಕ್ಟ್ರೂ ಹೇಳಿದ್ರು, ಇವರೂ ಹೇಳಿದ್ರು. ಆಗ್ಲಿ. ಆ ಉಳಿದಿರೋ ತುಣುಕು ಬೆಳೆದ ದಿನ ನಿನಗೆ ಹೇಳಿ ಕಳಿಸ್ತೀನಿ. ಅಲ್ಲೀವರೆಗೂ ನಮ್ಮ ಮನೆ ಹೊಸಿಲು ತುಳೀಬೇಡ."

ಟಿಪ್ಪಣಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಕ್ಕ ಕಿರುಚಿದ್ದರೆ ವಾಸಿ ಇತ್ತು.

ಆಗ ಒಳಗಿನಿಂದ ಭಾವನ ಧ್ವನಿ ಕೇಳಿಸಿತು. ಒಡೆದಿತ್ತು, ಬಲಹೀನವಾಗಿತ್ತು, ಆದರೆ ಒಂದು ಅಕ್ಷರವೂ ತಪ್ಪಿರಲಿಲ್ಲ. "ನನ್ನ ನಾದಿನಿ ಎಲ್ಲಿ? ಎಡ ಬಲ ಗೊತ್ತಿಲ್ಲದೋಳು ಎಲ್ಲಿ ಹೋದ್ಲು? ಕರೀರಿ ಅವಳನ್ನ."

ಓರಗಿತ್ತಿ ಬಾಗಿಲು ಬಿಟ್ಟು ಕದಲಲಿಲ್ಲ. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರು ಇನ್ನೊಮ್ಮೆ ಕರೆದರು, ಈ ಸಲ ಸ್ವಲ್ಪ ಜೋರಾಗಿ. ಟಿಪ್ಪಣಿ ಓಗೊಡಲಿಲ್ಲ.